ಗಜವೀರ ಸುಮ್ಮನಾದ ಹೊತ್ತು

ತಿರ್ಲಾಪುರದಲ್ಲಿ ಹಳೆಯ ಪಿಕಪ್ ಗಾಡಿಗಳು ಎರಡೇ. ಒಂದು ಶಂಕ್ರಪ್ಪನ ಗಜವೀರ, ಇನ್ನೊಂದು ಮಹಬೂಬಸಾಬನ ಸಾರಥಿ. ಕಂಪನಿ ಬೇರೆ ಬೇರೆಯಾದರೂ ಎರಡೂ ಒಂದೇ ಸುಗ್ಗಿಯಲ್ಲಿ ಊರಿಗೆ ಬಂದವು, ಎರಡಕ್ಕೂ ಒಟ್ಟೊಟ್ಟಿಗೇ ಮುಪ್ಪು ಅಡರಿತ್ತು. ಊರಿಗೆ ಹೊಸ ಗಾಡಿಗಳು ಬಂದಿರಲಿಲ್ಲವೆಂದಲ್ಲ. ಆದರೆ ಚಹಾದಂಗಡಿಯ ಕಟ್ಟೆಯ ಮೇಲೆ ಜನ ಪಂಗಡ ಕಟ್ಟಿಕೊಂಡು ಗಂಟಲು ಹರಿದುಕೊಂಡದ್ದು ಈ ಎರಡರ ಸಲುವಾಗಿ ಮಾತ್ರ. ಹೊಸ ಗಾಡಿಯ ಬಗ್ಗೆ ಜಗಳಾಡಲು ಏನಿರುತ್ತದೆ? ಮನುಷ್ಯನಾಗಲಿ ಗಾಡಿಯಾಗಲಿ, ಗುಣ ಅವಗುಣ ತಿಳಿಯುವುದು ವಯಸ್ಸಾದ ಮೇಲೆಯೇ.

ಗಜವೀರದ ಗುಣವೇನೆಂದರೆ, ಒಮ್ಮೆ ಚಾಲೂ ಆಯಿತೆಂದರೆ ನಿಲ್ಲುತ್ತಿರಲಿಲ್ಲ. ಎರೆಮಣ್ಣಿನ ಕೆಸರಾಗಲಿ, ಗಾಲಿ ಮುಳುಗುವ ನೀರಾಗಲಿ, ಹೇರಿದ ಉಳ್ಳಾಗಡ್ಡಿಯ ಭಾರಕ್ಕೆ ಅಡಿ ನೆಲಕ್ಕೆ ತಾಗುವಂತಿರಲಿ, ಅದು ಹೋಗಿಯೇ ತೀರುತ್ತಿತ್ತು. ಸದ್ದು ಮಾತ್ರ ದೇವರಿಗೇ ಪ್ರೀತಿ. ಊರ ಅಗಸಿ ಇನ್ನೂ ದೂರವಿರುವಾಗಲೇ ತೊಟ್ಟಿಲ ಕೂಸುಗಳು ಎದ್ದು ಅಳುತ್ತಿದ್ದವು. ಸಾರಥಿಯದು ತದ್ವಿರುದ್ಧ. ಅರ್ಧ ಕೀಲಿ ತಿರುವಿದರೆ ಸಾಕು, ಚಾಲೂ ಆಗುತ್ತಿತ್ತು. ಬಾಗಿಲ ಮುಂದೆ ಬಂದು ನಿಂತರೂ ಒಳಗಿದ್ದವರಿಗೆ ಗೊತ್ತಾಗುತ್ತಿರಲಿಲ್ಲ. ಆದರೆ ನೀರು ಕಂಡರೆ ಅದರ ಜೀವ ಹೋಗುತ್ತಿತ್ತು. ಎಂಜಿನ್ನಿಗೆ ನಾಲ್ಕು ಹನಿ ಸಿಡಿದರೆ ಅಲ್ಲೇ ಕೆಮ್ಮಿ ನಿಂತುಬಿಡುತ್ತಿತ್ತು.

"ಲೇ ಶಂಕ್ರ್ಯಾ, ನಿಂದು ಗಾಡಿ ಅಲ್ಲೋ, ಹಿಟ್ಟಿನ ಗಿರಣಿ. ಮುಂದ ಒಂದ ಡಬರಿ ಹಿಡದ್ರ ಜ್ವಾಳ ಬೀಸಿ ಕೊಡತೈತಿ," ಎನ್ನುತ್ತಿದ್ದ ಮಹಬೂಬಸಾಬ.

"ನಿಂದು ಹೊಸಾ ಸೊಸಿ ಇದ್ದಂಗ ಐತಿ ಮಾಬು. ಬಾಯಿ ಬಿಡೂದಿಲ್ಲ ಖರೆ, ಕಾಲ ತೊಯ್ತಂದ್ರ ತವರಮನಿ ನೆನಸ್ಕೊಂಡ ಕುಂತಬಿಡತೈತಿ," ಎಂದು ಶಂಕ್ರಪ್ಪ ತಿರುಗಿ ಕೊಡುತ್ತಿದ್ದ.

ಇಬ್ಬರ ಅಪ್ಪಂದಿರೂ ಚಕ್ಕಡಿ ಹೊಡೆದು ಬದುಕಿದವರು. ಹುಡುಗರಿದ್ದಾಗ ಶಂಕ್ರಪ್ಪ, ಮಹಬೂಬಸಾಬ ಇಬ್ಬರೂ ಒಂದೇ ಚಕ್ಕಡಿಯ ಮೂಕಿಯ ಮೇಲೆ ಕುಳಿತು ಹುಬ್ಬಳ್ಳಿ ಪ್ಯಾಟೆ ನೋಡಿದವರು. ಅಂಥ ಗೆಳೆತನದಲ್ಲಿ ಬೈಗುಳಕ್ಕೆ ಬಡ್ಡಿ ಇರುವುದಿಲ್ಲ. ಇದ್ದದ್ದು ಹಟ ಒಂದೇ. ಆ ಹಟ ಎಲ್ಲಿಗೆ ಮುಟ್ಟಿತ್ತೆಂದರೆ, ಕೀಲಿ ತಿರುವಿದರೆ ಎಂಜಿನ್ ಎಬ್ಬಿಸುವ ಗಜವೀರದ ಸೆಲ್ಫ್ ಕೆಟ್ಟು ವರ್ಷಗಳಾಗಿದ್ದರೂ ಶಂಕ್ರಪ್ಪ ಅದನ್ನು ರಿಪೇರಿ ಮಾಡಿಸಿರಲಿಲ್ಲ. ಮಾಡಿಸಿದರೆ ಕೆಟ್ಟಿದೆಯೆಂದು ಒಪ್ಪಿಕೊಂಡಂತಾಗುತ್ತದಲ್ಲ! ದಿನಾ ಸಂಜೆ ಗಾಡಿಯನ್ನು ಕೆರೆ ಏರಿಯ ಮೇಲೆ ಮೂತಿ ಕೆಳಗೆ ಮಾಡಿ ನಿಲ್ಲಿಸುವನು, ಬೆಳಗ್ಗೆ ಇಳಿಜಾರಿನಲ್ಲಿ ಉರುಳಿಬಿಟ್ಟು ಗೇರಿಗೆ ಹಾಕಿ ಚಾಲೂ ಮಾಡುವನು. ಆಮೇಲೆ ಇಡೀ ದಿನ ಬಂದ್ ಮಾಡುತ್ತಿರಲಿಲ್ಲ. ಯಾರಾದರೂ ಕೇಳಿದರೆ, "ಗಜವೀರದ ಎಂಜಿನ್ ತಣ್ಣಗ ಆಗಬಾರದು, ಕಂಪನಿಯವರೇ ಹೇಳ್ಯಾರ," ಎನ್ನುವನು. ಹಾಗೆ ಹೇಳಿದ ಕಂಪನಿಯವನನ್ನು ಊರಿನಲ್ಲಿ ಯಾರೂ ನೋಡಿರಲಿಲ್ಲ.

ಈ ಸುಳ್ಳು ಅವನನ್ನು ಸಿಕ್ಕಿಸುತ್ತಿದ್ದುದು ಒಂದೇ ಜಾಗದಲ್ಲಿ, ಹಳ್ಳದ ದಂಡೆಯಲ್ಲಿ. ತಿರ್ಲಾಪುರದಿಂದ ನವಲಗುಂದಕ್ಕೆ ಹೊಲದ ನಡುವಿನ ಹತ್ತಿರದ ದಾರಿ ಒಂದು ಹಳ್ಳವನ್ನು ದಾಟಿ ಹೋಗುತ್ತದೆ. ಹಳ್ಳಕ್ಕೆ ಅಡ್ಡಲಾಗಿ ಒಂದು ತಗ್ಗಿನ ಸೇತುವೆಯಿದೆ, ಕಟಾಂಜನವಿಲ್ಲ. ಇಲ್ಲಿ ಮುಗಿಲು ಹತ್ತಿಯ ಹಾಗೆ ಬೆಳ್ಳಗಿದ್ದರೂ ಮೇಲೆ ಕುಂದಗೋಳದ ಕಡೆ ಮಳೆ ಬಿದ್ದರೆ ಹಳ್ಳ ಹೇಳದೆ ಕೇಳದೆ ಬರುತ್ತದೆ. ಜಾಲಿಕಂಟಿಯ ತಿರುವಿನಾಚೆ ನೀರು ಬಂದದ್ದು ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಮಾತ್ರ ಕೇಳುತ್ತದೆ. ಅದಕ್ಕೇ ಚಕ್ಕಡಿ ಕಾಲದವರು ದಂಡೆಯ ಮೇಲೆ ಎತ್ತು ತರುಬಿ, ಕೊರಳ ಗೆಜ್ಜೆ ಕೈಯಲ್ಲಿ ಹಿಡಿದು, ಮಾತು ನಿಲ್ಲಿಸಿ, ಹಳ್ಳ ಕೇಳಿಯೇ ಇಳಿಯುತ್ತಿದ್ದರು. ಮಹಬೂಬಸಾಬ ಅಪ್ಪನ ಆ ಪದ್ಧತಿಯನ್ನು ಬಿಟ್ಟಿರಲಿಲ್ಲ. ದಂಡೆಗೆ ಬಂದೊಡನೆ ಎಂಜಿನ್ ಬಂದ್ ಮಾಡಿ, ಕಣ್ಣು ಮುಚ್ಚಿ ಕೇಳುವನು. ಸೇತುವೆಯ ಮೇಲೆ ನೀರಿದ್ದರಂತೂ ಸಾರಥಿಯನ್ನು ಹೊರಳಿಸಿಕೊಂಡು ದೊಡ್ಡ ರಸ್ತೆಯ ಸುತ್ತುದಾರಿ ಹಿಡಿಯುವನು. ಶಂಕ್ರಪ್ಪನಿಗೆ ಬಂದ್ ಮಾಡುವ ಧೈರ್ಯವೆಲ್ಲಿ? ಗಾಡಿ ಗುಡುಗುತ್ತಿರುವಾಗಲೇ ಕಿಟಕಿಯಿಂದ ತಲೆ ಹೊರಗೆ ಹಾಕಿ, ಕಿವಿಗೆ ಕೈ ಹಚ್ಚಿ, ಎಲ್ಲ ಕೇಳಿಸಿತೆಂಬಂತೆ ತಲೆದೂಗಿ ಇಳಿಸಿಬಿಡುತ್ತಿದ್ದ. ಅವನ ದೈವ ದೊಡ್ಡದು, ಒಂದು ದಿನವೂ ಹಳ್ಳ ಅವನನ್ನು ಹಿಡಿದಿರಲಿಲ್ಲ.

ಕಳೆದ ವರ್ಷ ಉಳ್ಳಾಗಡ್ಡಿ ಕೀಳುವ ದಿನಗಳಲ್ಲಿ, ಒಂದು ಮಧ್ಯಾಹ್ನ, ಮಹಬೂಬಸಾಬನಿಗೆ ಹೊಲದಲ್ಲಿ ಎದೆ ಹಿಡಿಯಿತು. ಮಗ ಆಸೀಫ್ ಅವನನ್ನು ಬೆನ್ನ ಮೇಲೆ ಹೊತ್ತು ಮನೆಗೆ ತಂದಾಗ ಮೈಯೆಲ್ಲ ಬೆವರು, ಮುಖ ಬೂದಿಯ ಬಣ್ಣ. ಅಂಬುಲೆನ್ಸಿಗೆ ಫೋನು ಹಚ್ಚಿದರೆ ಅದು ಬೇರೆ ಊರಿನ ರೋಗಿಯನ್ನು ಒಯ್ಯುತ್ತಿತ್ತು, ಬರುವುದು ತಡವಾಗುತ್ತದೆಂದರು. ಆಸೀಫ್ ಸಾರಥಿಯ ಕೀಲಿ ತೆಗೆದುಕೊಂಡ. ಅಷ್ಟರಲ್ಲಿ ಹಳ್ಳದ ಕಡೆಯಿಂದ ಬಂದವನೊಬ್ಬ ಸೇತುವೆಯ ಮೇಲೆ ಮೊಣಕಾಲಿನ ಕೆಳಗೆ ನೀರಿದೆಯೆಂದು ಹೇಳಿದ. ಅಷ್ಟು ನೀರಿನಲ್ಲಿ ಸಾರಥಿ ದಾಟುವುದಿಲ್ಲವೆಂದು ಕೂಸಿಗೂ ಗೊತ್ತು. ಸುತ್ತುದಾರಿಯಾದರೆ ತಾಸುಗಟ್ಟಲೆ ಹೊತ್ತು. ಆಸೀಫ್ ಕೀಲಿ ಹಿಡಿದು ನಿಂತಲ್ಲೇ ನಿಂತ.

ಆಗ ಶಂಕ್ರಪ್ಪನ ಗಜವೀರ ಗುಡುಗುತ್ತ ಓಣಿಗೆ ಬಂತು. ಸುದ್ದಿ ಮುಟ್ಟಿದ ಕೂಡಲೇ ಅವನು ಅರ್ಧ ಹೇರಿದ ಚೀಲಗಳನ್ನು ಹೊಲದಲ್ಲೇ ಉರುಳಿಸಿ ಬಂದಿದ್ದ. ಹಿಂದೆ ಗಾದಿ ಹಾಸಿ ಮಹಬೂಬಸಾಬನನ್ನು ಮಲಗಿಸಿದರು. ಹೆಂಡತಿ ಮರಿಯಮಬಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು, ಆಸೀಫ್ ಸಾರಥಿಯ ಕೀಲಿಯನ್ನು ಬಾಗಿಲ ಗೂಟಕ್ಕೆ ಸಿಕ್ಕಿಸಿ ಬಂದು ಕಾಲ ಬಳಿ ಕುಳಿತ. ಈ ಗಿರಣಿಯಲ್ಲಿ ಸತ್ತರೂ ಕೂಡುವುದಿಲ್ಲವೆಂದು ಕಟ್ಟೆಯ ಮೇಲೆ ಆಣೆ ಮಾಡಿದ್ದ ಮನುಷ್ಯ ಈಗ ತುಟಿ ಪಿಟ್ಟೆನ್ನದೆ ಮಲಗಿದ್ದ. ಅದನ್ನು ಕಂಡೇ ಶಂಕ್ರಪ್ಪನಿಗೆ ಜೀವ ಹಾರಿತು.

ಹೊಲದ ದಾರಿಯಲ್ಲಿ ಅವನು ಗಾಡಿಯನ್ನು ಎಷ್ಟು ಜೋರಾಗಿ, ಎಷ್ಟು ಜೋಪಾನವಾಗಿ ಓಡಿಸಿದನೆಂದರೆ ಎರಡೂ ಒಟ್ಟಿಗೆ ಸಾಧ್ಯವೆಂದು ಅವನಿಗೇ ಗೊತ್ತಿರಲಿಲ್ಲ. ಹಳ್ಳದ ದಂಡೆಗೆ ಬಂದರು. ಸೇತುವೆಯ ಮೇಲೆ ನೀರು ತೆಳ್ಳಗೆ ಹರಿಯುತ್ತಿತ್ತು. ಮುಗಿಲು ನಿಚ್ಚಳ, ಸುಡುಬಿಸಿಲು. ಗಜವೀರಕ್ಕೆ ಈ ನೀರು ಯಾವ ಲೆಕ್ಕ? ಆಚೆ ದಂಡೆ ಮುಟ್ಟಿದರೆ ಡಾಂಬರು ರಸ್ತೆ, ಅದರ ತುದಿಗೆ ದವಾಖಾನೆ. ಶಂಕ್ರಪ್ಪ ಗೇರು ಬದಲಿಸಿದ.

ಹಿಂದಿನ ಗಾಜಿಗೆ ಯಾರೋ ಬಡಿದರು. ತಿರುಗಿ ನೋಡಿದರೆ ಮಹಬೂಬಸಾಬ. ಮಲಗಿದಲ್ಲಿಂದಲೇ ಕೈ ಎತ್ತಿ ಬಡಿಯುತ್ತಿದ್ದ. ಶಂಕ್ರಪ್ಪ ಬ್ರೇಕು ಹಾಕಿ ಕಿಟಕಿಯಿಂದ ಹಿಂದಕ್ಕೆ ಬಾಗಿದ.

"ಬಂದ್ ಮಾಡೋ," ಅಂದ ಮಹಬೂಬಸಾಬ. ಗುಡುಗಿನ ನಡುವೆ ಅದು ಕೇಳಿಸಲಿಲ್ಲ. ಅಪ್ಪನ ಬಾಯಿಗೆ ಕಿವಿ ಹಚ್ಚಿದ್ದ ಆಸೀಫ್ ಒದರಿ ಹೇಳಿದ: "ಬಂದ್ ಮಾಡಂತಾರ ಕಾಕಾ! ಹಳ್ಳ ಕೇಳಿ ಇಳಿ ಅಂತಾರ!"

"ನೀರ ಇಲ್ಲೋ ಮಾಬು, ಒಂದ ಜಿಗಿತಕ್ಕ ದಾಟತೀನಿ!"

"ನಾ ಓಡಿ ಹೋಗಿ ತಿರುವಿನ್ಯಾಗ ನೋಡಿ ಬರ್ಲ್ಯಾ?" ಎಂದು ಆಸೀಫ್ ಎದ್ದ. ಅಪ್ಪ ಅವನ ಕೈ ಬಿಡಲಿಲ್ಲ. ಮತ್ತೆ ಅದೇ ಮಾತು, ಬಂದ್ ಮಾಡು.

ಆಗ ಶಂಕ್ರಪ್ಪ ಇಷ್ಟು ವರ್ಷ ಯಾರೆದುರೂ ಆಡದ ಮಾತನ್ನು ಗಂಟಲು ಬಿರಿಯುವಂತೆ ಕೂಗಿ ಹೇಳಿದ: "ಬಂದ್ ಮಾಡಿದ್ರ ಮತ್ತ ಚಾಲೂ ಆಗೂದಿಲ್ಲೋ! ಸೆಲ್ಫ್ ಕೆಟ್ಟೈತಿ!"

ಮಹಬೂಬಸಾಬನ ಮುಖದಲ್ಲಿ ನಗುವಿನಂಥದೇನೋ ಸುಳಿಯಿತು. ಆಸೀಫ್ ಅಪ್ಪನ ಮಾತನ್ನು ಮುಟ್ಟಿಸಿದ. "ಅದು ಊರಿಗೇ ಗೊತ್ತೈತಿ ಅಂತಾರ್ರಿ ಕಾಕಾ." ಆಮೇಲೆ ಹುಡುಗನ ದನಿ ಒಡೆಯಿತು. "ನಾ ಒಬ್ಬ ಹೊಂಟಾಂವ, ಇವರನ ಯಾಕ ಸಂಗಾಟ ಕರಕೊಂಡ ಹೋಗ್ತೀ ಅಂತ ಕೇಳಾಕತ್ತಾರ."

ಶಂಕ್ರಪ್ಪ ಕೀಲಿಯ ಮೇಲೆ ಕೈ ಇಟ್ಟ. ದಂಡೆಯಿಂದ ಇರುವ ಇಳಿಜಾರು ಒಂದೇ, ಅದು ಹಳ್ಳದೊಳಗೆ. ಹಿಂದೆ ಸಪಾಟು ಎರೆಹೊಲ. ಇಲ್ಲಿ ನಿಂತ ಗಾಡಿ ನಿಂತಂತೆಯೇ. ಎಲ್ಲ ಗೊತ್ತಿದ್ದೂ ಅವನು ಕೀಲಿ ತಿರುವಿದ. ಸಾಯುವವನು ಕೇಳಿದ್ದನ್ನು ಇಲ್ಲವೆನ್ನಲು ಅವನಿಂದಾಗಲಿಲ್ಲ. ಗಜವೀರ ಎರಡು ಸಲ ಮೈ ನಡುಗಿಸಿ ಸುಮ್ಮನಾಯಿತು.

ಮೊದಲು ಏನೂ ಕೇಳಲಿಲ್ಲ. ಕಿವಿಯೊಳಗೆ ಎಂಜಿನ್ನೇ ಇನ್ನೂ ಗುಂಯ್ ಅನ್ನುತ್ತಿತ್ತು. ಅದು ಆರಿದ ಮೇಲೆ ಜಾಲಿಕಂಟಿಯ ಆಚೆಯಿಂದ ಒಂದು ಸಣ್ಣ ಸದ್ದು ಬಂತು, ಚೀಲದಿಂದ ಹೆಸರುಕಾಳು ತಗಡಿನ ಮೇಲೆ ಸುರಿದಂತೆ. ಸದ್ದು ದಪ್ಪವಾಗುತ್ತ ಬಂತು. ತಿರುವಿನಲ್ಲಿ ಒಂದು ಜಾಲಿಮರ ನಿಂತ ಭಂಗಿಯಲ್ಲೇ ನಡೆದು ಬಂದದ್ದನ್ನು ಶಂಕ್ರಪ್ಪ ನೋಡಿದ. ಅದರ ಹಿಂದೆ ಕೆಂಪು ನೀರು ಗೋಡೆಯಂತೆ ಎದ್ದು ಬಂತು. ನೋಡನೋಡುತ್ತ ಸೇತುವೆ ಇದ್ದ ಜಾಗದಲ್ಲಿ ಸೇತುವೆ ಇರಲಿಲ್ಲ, ಆಳೆತ್ತರದ ನೀರು ಮರಗಿಡ ಕೊಚ್ಚಿಕೊಂಡು ಹೋಗುತ್ತಿತ್ತು. ಇಳಿದಿದ್ದರೆ ಅವರು ನಾಲ್ವರೂ ಅದರೊಳಗೆ ಇರುತ್ತಿದ್ದರು.

ಆಸೀಫ್ ಶಂಕ್ರಪ್ಪನ ಮಗ ಹೇಮಂತನಿಗೆ ಫೋನು ಹಚ್ಚಿ, ಸಾರಥಿಯನ್ನು ತಗೊಂಡು ಬಾ, ಸುತ್ತುದಾರಿಯಿಂದ ಹೋಗೋಣ ಎಂದು ಒದರಿದ. ಶಂಕ್ರಪ್ಪ ಸೀಟಿನಲ್ಲಿ ಕುಳಿತು ಕೀಲಿ ತಿರುವಿದ. ಕಟ್ ಅಂತು. ಮತ್ತೆ ತಿರುವಿದ. ಕಟ್. ಅವನಿಗೆ ಬೇರೇನೂ ತೋಚಲಿಲ್ಲ. ಬಸವಣ್ಣ, ಇದೊಂದು ಸಲ, ಇದೊಂದು ಸಲ ಅನ್ನುತ್ತ ತಿರುವುತ್ತಲೇ ಇದ್ದ. ಹಿಂದಿನಿಂದ ಮರಿಯಮಬಿ ಕಿರುಚಿದಳು.

"ಅಣ್ಣಾರ, ಸಾಕ ಮಾಡ್ರಿ! ಆ ಕೀಲಿ ಬಿಡ್ರಿ! ಮುಟ್ಟಬ್ಯಾಡ್ರಿ ಅದನ್ನ!"

ಇಷ್ಟು ವರ್ಷಗಳಲ್ಲಿ ಆ ಹೆಣ್ಣುಮಗಳ ದನಿ ಏರಿದ್ದನ್ನು ಅವನು ಕೇಳಿರಲಿಲ್ಲ. ಕಾದ ಹಂಚು ಮುಟ್ಟಿದವನಂತೆ ಕೈ ಹಿಂದೆಗೆದ. ಗಾಡಿಯಿಂದ ಇಳಿದು, ಹಿಂದೆ ಹೋಗಿ ಗೆಳೆಯನ ಮುಖ ನೋಡುವ ಧೈರ್ಯವಾಗದೆ, ಬಾನೆಟ್ಟಿನ ಮುಂದೆ ನೀರಿನ ಕಡೆ ಮುಖ ಮಾಡಿ ನಿಂತುಬಿಟ್ಟ. ಸಾರಥಿ ಯಾವಾಗ ಬಂದು ಬೆನ್ನ ಹಿಂದೆ ನಿಂತಿತೋ ಗೊತ್ತಾಗಲಿಲ್ಲ, ಅದರ ಗುಣವೇ ಅದಲ್ಲವೇ. ಮಹಬೂಬಸಾಬನನ್ನು ಅದಕ್ಕೆ ಸಾಗಿಸುವಾಗ ಅವನ ಕೈ ತಣ್ಣಗಿತ್ತು. ಆದರೂ ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಸುತ್ತುದಾರಿಯಲ್ಲಿ ದವಾಖಾನೆಯವರೆಗೂ ಹೋದರು. ಅಲ್ಲಿ ಡಾಕ್ಟರು ನಾಡಿ ಹಿಡಿದು ತಲೆ ಅಲ್ಲಾಡಿಸಿದರು.

ಊರಿನ ಬಾಯಿಗೆ ಕದವಿಲ್ಲ. ಶಂಕ್ರಪ್ಪ ಆ ಹೊತ್ತಿನಲ್ಲಿ ಬಂದ್ ಮಾಡಿದ್ದರಿಂದ ಮೂರು ಜೀವ ಉಳಿದವೆಂದು ಕಟ್ಟೆಯ ಮೇಲೆ ಬಹಳ ಮಂದಿ ಹೇಳಿದರು. ದಂಡೆಗೆ ಬಂದೊಡನೆ ಮಾತು ಬೆಳೆಸದೆ ನುಗ್ಗಿಸಿದ್ದರೆ ನೀರು ಬರುವ ಮೊದಲೇ ದಾಟುತ್ತಿದ್ದರೆಂದು ಕೆಲವರು ಹೇಳಿದರು. ಸೆಲ್ಫ್ ಸರಿಯಿದ್ದಿದ್ದರೆ ಆ ಕೂಡಲೇ ಸುತ್ತುದಾರಿ ಹಿಡಿದು ಮನುಷ್ಯನನ್ನು ಉಳಿಸಬಹುದಿತ್ತೆಂದು ಒಬ್ಬಿಬ್ಬರು ಅಂದರು. ಶಂಕ್ರಪ್ಪನ ಕಿವಿಗೆ ಮೊದಲಿನ ಮಾತು ಬೀಳಲೇ ಇಲ್ಲ. ಕೊನೆಯದು ಮಾತ್ರ ಮುಳ್ಳಿನಂತೆ ನಟ್ಟಿತು, ಯಾಕೆಂದರೆ ಅದು ಖರೆ. ಹಟ ಸಾಧಿಸಿ ಗೆಳೆಯನನ್ನು ಕೊಂದೆನೆಂದು ಅವನು ತನಗೆ ತಾನೇ ತೀರ್ಪು ಕೊಟ್ಟುಕೊಂಡ. ನವಲಗುಂದದಿಂದ ಮೆಕ್ಯಾನಿಕ್ಕನ್ನು ಕರೆಸಿ ಹೊಸ ಸೆಲ್ಫ್ ಹಾಕಿಸಿದ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು. ಗಜವೀರ ಈಗ ಅರ್ಧ ಕೀಲಿಗೇ ಚಾಲೂ ಆಗುತ್ತಿತ್ತು, ಅದು ಚಾಲೂ ಆದಾಗಲೆಲ್ಲ ಅವನು ಕೂಡಲೇ ಬಂದ್ ಮಾಡಿ ಇಳಿದುಬಿಡುತ್ತಿದ್ದ. ಕಡೆಗೆ ಮಗನ ಕೈಗೆ ಕೀಲಿ ಕೊಟ್ಟುಬಿಟ್ಟ.

ಮಹಬೂಬಸಾಬನ ಓಣಿಯಲ್ಲಿ ಕಾಲಿಡುವುದನ್ನೂ ಬಿಟ್ಟ. ಮಣ್ಣಿಗೆ ಹೋಗಿ ಮೂರು ಹಿಡಿ ಮಣ್ಣು ಹಾಕಿ ಬಂದದ್ದೇ ಕೊನೆ. ಕೀಲಿ ಬಿಡ್ರಿ, ಮುಟ್ಟಬ್ಯಾಡ್ರಿ ಎಂದು ಕಿರುಚಿದ ಆ ದನಿ ಊಟಕ್ಕೆ ಕುಳಿತಾಗಲೂ ಅವನನ್ನು ಬಿಡುತ್ತಿರಲಿಲ್ಲ. ಕೆಟ್ಟ ಗಾಡಿಯಲ್ಲಿ ಗಂಡನನ್ನು ಹೇರಿಕೊಂಡು ಬಂದವನನ್ನು ಯಾವ ಹೆಂಡತಿ ಮನ್ನಿಸುತ್ತಾಳೆ?

ನಾಲ್ವತ್ತನೆಯ ದಿನದ ಫಾತಿಹಾಕ್ಕೆ ಕರೆಯಲು ಆಸೀಫ್ ತಾನೇ ಬಂದ. ಶಂಕ್ರಪ್ಪ ಮೈಯಲ್ಲಿ ಹುಷಾರಿಲ್ಲವೆಂದ. ಹುಡುಗ ಹೋದ ಮೇಲೆ ಹೆಂಡತಿ ಕಸ್ತೂರೆವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಎದ್ದು ಬಂದಳು.

"ಬೈದ್ರ ಬೈಸ್ಕೊಂಡ ಬರ್ರಿ. ಗೆಳೆಯಾನ ಹೇಣ್ತಿ ಬೈದ್ರ ಏನ ಮೈಯಾಗ ಹುಣ್ಣ ಬೀಳತಾವ? ಬೈಸ್ಕೊಳ್ಳಾಕರ ಒಂದ ಸಲ ಆ ಬಾಗಲಕ್ಕ ಹೋಗ್ರಿ," ಎಂದಳು. ಅವನು ಟೊಪ್ಪಿಗೆ ಇಟ್ಟುಕೊಂಡು ಹೊರಟ.

ಅಂಗಳದಲ್ಲಿ ಓದಿಕೆ ಮುಗಿದಿತ್ತು. ಜನ ಕುಳಿತಿದ್ದರು. ಇವನಿಗೆಂದು ಬೇರೆ ಒಲೆಯ ಮೇಲೆ ಮಾಡಿದ ಸಜ್ಜಕದ ತಟ್ಟೆಯನ್ನು ಆಸೀಫ್ ಮುಂದಿಟ್ಟ. ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿಟ್ಟ. ಸ್ವಲ್ಪ ಹೊತ್ತಿಗೆ ಆಸೀಫ್ ಬಂದು, "ಅಮ್ಮಾ ಕರಿಯಾಕತ್ತಾಳ್ರಿ ಕಾಕಾ," ಎಂದ. ಗಂಡ ಸತ್ತ ಹೆಂಗಸು ಇದ್ದತ್ತಿನ ದಿನಗಳು ಮುಗಿಯುವ ತನಕ ಹೊರಗಿನ ಗಂಡಸರ ಎದುರು ಬರುವುದಿಲ್ಲ. ಮರಿಯಮಬಿ ಒಳಕೋಣೆಯ ಪರದೆಯ ಹಿಂದೆ ಕುಳಿತಿದ್ದಳು. ಶಂಕ್ರಪ್ಪ ಹೊಸ್ತಿಲ ಈಚೆ ಗೋಡೆಗೆ ಒರಗಿ ತಲೆ ತಗ್ಗಿಸಿ ಕುಳಿತ.

"ಭಾಬಿ, ತಪ್ಪ ನಂದೈತ್ರಿ," ಎಂದು ಅವನೇ ಮೊದಲು ಬಾಯಿ ತೆರೆದ. "ಆ ಸೆಲ್ಫ್ ನಾ ಮಾಡಿಸಿದ್ದರ..."

"ಅದನ್ನ ಬಿಡ್ರಿ ಅಣ್ಣಾರ. ಸೆಲ್ಫ್ ಇದ್ದಿದ್ರ ಉಳೀತಿದ್ರೋ ಇಲ್ಲೋ, ಅದು ಮ್ಯಾಲಿನವಗ ಗೊತ್ತು. ನಾ ಕರೆಸಿದ್ದ ಅದಕ್ಕಲ್ಲ." ಅವಳು ಪರದೆಯ ಹತ್ತಿರಕ್ಕೆ ಸರಿದು ಮಾತು ಮುಂದುವರಿಸಿದಳು. "ನಮ್ಮ ಅಬ್ಬಾ ಹುಬ್ಬಳ್ಯಾಗ ದವಾಖಾನ್ಯಾಗ ತೀರಿಕೊಂಡ್ರು. ಸುತ್ತ ಮಿಶನ್ನಿನ ಸಪ್ಪಳ, ನಮ್ಮನ್ನ ಒಳಗ ಬಿಡಲಿಲ್ಲ. ಹೋಗೂ ಮುಂದ ಬಾಯಾಗ ಅಲ್ಲಾನ ಹೆಸರಿನ ಕಲಿಮಾ ಬರಬೇಕ್ರಿ ನಮ್ಮೊಳಗ, ಅದನ್ನ ಓದಿದ್ರೋ ಇಲ್ಲೋ ಯಾರಿಗೂ ಗೊತ್ತಾಗಲಿಲ್ಲ. ನಮ್ಮ ಅಮ್ಮಾ ಆಮ್ಯಾಲ ಬದಕಿದ್ದಷ್ಟ ದಿನಾನೂ ಅದನ್ನ ಕೇಳಿ ಕೇಳಿ ಅತ್ತಳ್ರಿ. ಬಂದವರನ್ನೆಲ್ಲಾ ಕೇಳತಿದ್ಲು, ಓದಿರ್ತಾರಲ್ಲಾ, ಓದಿರ್ತಾರಲ್ಲಾ ಅಂತ. ಹೌದಂತ ಹೇಳಾಕ ಕೇಳಿದವರ ಯಾರ ಇದ್ರು?"

ಶಂಕ್ರಪ್ಪ ತಲೆ ಎತ್ತಿದ.

"ನೀವು ಗಾಡಿ ಬಂದ್ ಮಾಡಿದ ಮ್ಯಾಲ ಇವರು ನನ್ನ ಮುಖಾ ನೋಡಿದ್ರು. ತುಟಿ ಅಲುಗಾಡಾಕತ್ತು. ಹಳ್ಳದ ಸಪ್ಪಳಕ್ಕ ನಾ ಅವರ ಬಾಯಿಗೇ ಕಿವಿ ಹಚ್ಚಿದ್ನಿ. ನೀವು ಕೀಲಿ ತಿರುವಾಕತ್ತೀರಿ, ಕಟ್ ಕಟ್ ಅಂತೈತಿ, ಅವರ ದನಿ ಅಂದ್ರ ಉಸರಿನಷ್ಟ ಸಣ್ಣದು. ಒಂದ ಅಕ್ಷರಾನೂ ತಿಳೀವಲ್ದು. ಅದಕ್ಕ ಒದರಿದ್ನಿ ಅಣ್ಣಾರ. ನಿಮ್ಮ ಮ್ಯಾಲ ಸಿಟ್ಟಿಗೆದ್ದಲ್ಲ. ನೀವು ಕೈ ತಗದ್ರಿ, ಆಮ್ಯಾಲ ನನಗ ಕೇಳಿಸ್ತು. ಈ ಕಿವಿಲೇ ಕೇಳಿದ್ನಿ."

ಅಂಗಳದ ಮಾತುಕತೆ ನಿಂತಿತ್ತು. ಶಂಕ್ರಪ್ಪನಿಗೆ ಕೇಳಬೇಕಾದ ಪ್ರಶ್ನೆ ಒಂದೇ ಉಳಿದಿತ್ತು. ಪರದೆಯ ಕಡೆ ಬಾಗಿ ಕೇಳಿದ.

"ಪೂರಾ ಓದಿದನೇನ್ರಿ?"

"ಪೂರಾ ಓದಿದ್ರು. ಗಾಡಿ ನಡದಿದ್ರ ನನಗ ಗೊತ್ತ ಆಗತಿದ್ದಿಲ್ಲ."

ಶಂಕ್ರಪ್ಪ ಟೊಪ್ಪಿಗೆ ತೆಗೆದು ಮುಖಕ್ಕೆ ಒತ್ತಿಕೊಂಡ. ಮಣ್ಣಿಗೆ ಹೋದ ದಿನವೂ ಅಳದಿದ್ದವನು ಅಷ್ಟು ಜನರ ನಡುವೆ ನಾಚಿಕೆ ಬಿಟ್ಟು ಅತ್ತ, ಕೂಸು ಅತ್ತಂತೆ, ದನಿ ತೆಗೆದು. ಯಾರೂ ಅವನನ್ನು ಸುಮ್ಮನಿರು ಅನ್ನಲಿಲ್ಲ. ಅವನ ಅಳು ತಾನಾಗಿ ಇಳಿಯುವ ತನಕ ಒಳಗಿನವರೂ ಹೊರಗಿನವರೂ ಕಾದರು. ಆಮೇಲೆ ಪರದೆಯ ಹಿಂದಿನಿಂದ ಮರಿಯಮಬಿ ಮಗನನ್ನು ಕರೆದು, ಕಾಕಾಗ ನೀರು ಕೊಡು, ತಟ್ಟಿಯೊಳಗಿಂದು ಆರಿರಬೇಕು, ಬಿಸೀದು ಬಡಿಸು ಎಂದಳು.